ಮೂರು ಕ್ಯಾಮರಾದ ಇಪ್ಪತ್ತೆಂಟು

ಮೊನ್ನೆ ಉಗುರುಕತ್ತರಿ ಬೇಕಾಗಿ ಮೇಜಿನ ಡ್ರಾಯರ್ ಎಳೆದೆ. ಬೇಕಾದದ್ದು ಸಿಗುವ ಡ್ರಾಯರ್ ನಮ್ಮ ಮನೆಯಲ್ಲಿ ಒಂದೂ ಇಲ್ಲ. ಸಿಕ್ಕಿದ್ದು ಗಾಜು ಬಿರುಕು ಬಿಟ್ಟ ಹಳೆಯ ಮೊಬೈಲು. ಅದರ ಬೆನ್ನಿಗೆ ಗಾಯಕ್ಕೆ ಹಚ್ಚುವ ಬಿಳಿ ಪಟ್ಟಿ ಅಂಟಿಸಿ, ಮೇಲೆ ನನ್ನದೇ ಕಾಗೆಕಾಲಿನ ಅಕ್ಷರದಲ್ಲಿ ‘ಶೇಷಪ್ಪನ ಎಲೆ’ ಎಂದು ಬರೆದಿತ್ತು. ಉಗುರು ಇನ್ನೊಂದು ದಿನ ಬೆಳೆದುಕೊಳ್ಳಲಿ ಎಂದು ಅಲ್ಲೇ ಕುರ್ಚಿಯಲ್ಲಿ ಕೂತುಬಿಟ್ಟೆ.

ಎಲೆ ಅಂದರೆ ಇಸ್ಪೀಟಿನ ಎಲೆ. ಹುಬ್ಬು ಗಂಟಿಕ್ಕಬೇಡಿ, ನಾವು ದುಡ್ಡಿಟ್ಟು ಆಡುವವರಲ್ಲ. ನರಸಿಂಹರಾಜಪುರದ ಬಸ್‌ಸ್ಟ್ಯಾಂಡಿನ ಹಿಂದಿರುವ ನನ್ನ ಮನೆಯಲ್ಲಿ ಪ್ರತಿ ಭಾನುವಾರ ಊಟವಾದ ಮೇಲೆ ನಾವು ನಾಲ್ವರು ಇಪ್ಪತ್ತೆಂಟು ಆಡುತ್ತೇವೆ. ಈ ಆಟದಲ್ಲಿ ರಾಜ ರಾಣಿಯರಿಗೆ ಮೂರು ಕಾಸಿನ ಬೆಲೆಯಿಲ್ಲ. ಎಲ್ಲರಿಗಿಂತ ದೊಡ್ಡವನು ಗುಲಾಮ, ಅವನ ಕೆಳಗೆ ಒಂಬತ್ತು. ಕಟ್ಟಿನಲ್ಲಿರುವ ಇಪ್ಪತ್ತೆಂಟು ಅಂಕದಲ್ಲಿ ಎಷ್ಟು ಹಿಡಿಯುತ್ತೇವೆಂದು ಮೊದಲೇ ಕೂಗಿ ಆಡಬೇಕು. ಎದುರುಬದುರು ಕೂತವರು ಜೋಡಿ. ನನ್ನ ಎದುರು ಶೇಷಪ್ಪ, ಶೃಂಗೇರಿ–ಕೊಪ್ಪ–ಎನ್.ಆರ್.ಪುರ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವನು. ಎಡಕ್ಕೆ ಟೈಲರ್ ಮಂಜಪ್ಪ, ಬಲಕ್ಕೆ ಬಸರೀಕಟ್ಟೆಯ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿ ನಿವೃತ್ತನಾದ ದುಗ್ಗಪ್ಪ. ಈ ಜೋಡಿಗಳು ಮದುವೆಯ ಜೋಡಿಗಳ ಹಾಗೆ, ಬದಲಾಗುವುದಿಲ್ಲ, ಜಗಳ ಮಾತ್ರ ವಾರವಾರವೂ ಹೊಸದು.

ನಾನು ಟೀವಿ ರಿಪೇರಿಯವನು. ಒಂದು ಕಾಲದಲ್ಲಿ ಊರಿನ ಹೆಂಚಿನ ಮಾಡುಗಳ ಮೇಲೆಲ್ಲ ನನ್ನ ಕಾಲಿನ ಗುರುತಿತ್ತು. ಮೇಲೆ ನಾನು ಆಂಟೆನಾ ತಿರುಗಿಸುತ್ತ “ಬಂತಾ?” ಅನ್ನುವುದು, ಒಳಗಿನಿಂದ ಇಡೀ ಮನೆ “ಇಲ್ಲ, ಇಲ್ಲ, ಹಾಂ ಬಂತು, ಹೋಯ್ತು” ಅನ್ನುವುದು. ಆ ‘ಹಾಂ ಬಂತು’ ಕೇಳುವಾಗ ಆಗುತ್ತಿದ್ದ ಸುಖಕ್ಕೆ ನಾನು ಮೂವತ್ತು ವರ್ಷ ಮಾಡು ಹತ್ತಿದೆ ಎಂದರೂ ತಪ್ಪಿಲ್ಲ. ಈಗ ಟೀವಿ ಕೆಟ್ಟರೆ ಯಾರೂ ರಿಪೇರಿ ಮಾಡಿಸುವುದಿಲ್ಲ, ಹೊಸತು ತರುತ್ತಾರೆ. ನಾನು ಸೋಲ್ಡರಿಂಗ್ ಕಡ್ಡಿ ಗೂಡಿನಲ್ಲಿಟ್ಟು, ಅಂಗಡಿಯ ಬಿಲ್ಲಿಗೆಂದು ತಂದಿದ್ದ ಕಂಪ್ಯೂಟರನ್ನು ಮನೆಗೆ ಹೊತ್ತು ತಂದೆ. ಅದರಲ್ಲಿ ಒಂದು ಚಾನೆಲ್ಲನ್ನೂ ಮಾಡಿಕೊಂಡು ನಾಲ್ಕಾರು ವಿಡಿಯೋ ಹಾಕಿದ್ದೆ. ಮಿಕ್ಸಿ ರಿಪೇರಿ ಎರಡು, ಮಿಕ್ಕವು ನನ್ನ ಹೆಂಡತಿ ವನಜಳ ಆಂಥೂರಿಯಂ ಗಿಡದವು. ನೋಡಿ ಎಂದು ಸಿಕ್ಕಿದವರ ಮೊಬೈಲನ್ನೆಲ್ಲ ಕಿತ್ತುಕೊಂಡು ಹೊಸ ವಿಡಿಯೋ ಬಂದರೆ ತಿಳಿಸುವ ಗಂಟೆಯ ಗುರುತನ್ನು ನಾನೇ ಒತ್ತಿ ಕೊಡುತ್ತಿದ್ದೆ. ಇದು ಮುಂದೆ ನನಗೇ ತಿರುಗಿ ಬಡಿಯಿತು.

ಕಳೆದ ವರ್ಷ ಶೇಷಪ್ಪ ಬಿದ್ದ. ಓಡುವ ಬಸ್ಸಿನ ಮೆಟ್ಟಿಲಲ್ಲಿ ಒಂದು ಕೈಯಲ್ಲಿ ನೇತಾಡಿಕೊಂಡು ಜೀವಮಾನ ಕಳೆದವನು ಬಚ್ಚಲಿನ ಒಂದು ಮೆಟ್ಟಿಲಿನಲ್ಲಿ ಜಾರಿದ. ಸೊಂಟದ ಕೀಲು ಮುರಿದು ಆಪರೇಶನ್ ಆಯಿತು. ಕೊಪ್ಪದಲ್ಲಿರುವ ಮಗಳು ಸುಮಾ ಅವನನ್ನು ತನ್ನ ಮನೆಗೆ ಕರೆದುಕೊಂಡು ಹೋದಳು. ನಾನು ನೋಡಲು ಹೋದಾಗ ಶೇಷಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಮಂಚದ ಪಕ್ಕ ಹೊಸ ವಾಕರ್ ನಿಂತಿತ್ತು, ಅದರ ಮೇಲೆ ಟವೆಲ್ ಒಣಗುತ್ತಿತ್ತು.

“ಎದ್ದು ನಾಲ್ಕು ಹೆಜ್ಜೆ ಹಾಕ್ಬಾರ್ದಾ ಮಾರಾಯ?” ಎಂದೆ.

“ಹಾಕಿ ಎಲ್ಲಿಗೆ ಹೋಗ್ಲಾ?” ಎಂದ. ಗೋಡೆಗೇ ಹೇಳಿದ, ನನಗಲ್ಲ.

ಅಡುಗೆಮನೆಯಲ್ಲಿ ಸುಮಾ ಕಾಫಿ ಲೋಟ ಕೊಡುತ್ತ, “ರಾಮಣ್ಣ ಮಾವ, ಹೀಗೇ ಮಲಗಿದ್ರೆ ಕಾಲು ಪೂರ್ತಿ ಹೋಗ್ತದೆ ಅಂದಿದಾರೆ ಡಾಕ್ಟ್ರು. ನಡೀಲೇಬೇಕಂತೆ. ಅಪ್ಪಂಗೆ ಮನಸ್ಸೇ ಇಲ್ಲ” ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನಾನು ಕಾಫಿ ಪೂರ್ತಿ ಕುಡಿಯಲಾಗದೆ ಬಂದೆ. ಬಸ್ಸಿನಲ್ಲಿ ಕೂತು ಹೊರಗೆ ನೋಡುತ್ತ ಬಂದವನಿಗೆ ಊರು ಬಂದದ್ದೇ ತಿಳಿಯಲಿಲ್ಲ.

ಎರಡು ಭಾನುವಾರ ನಾವು ಮೂವರು ಸುಮ್ಮನೆ ಕೂತು ಎದ್ದೆವು. ಮೂರನೆಯ ಭಾನುವಾರ ದುಗ್ಗಪ್ಪ ಮೂಗು ಉಜ್ಜಿಕೊಂಡು, “ಕೆರೆಕಟ್ಟೆ ಕಡೆಯವ ಒಬ್ಬ ಇದಾನೆ, ಫಾರೆಸ್ಟ್ ಗಾರ್ಡ್ ಆಗಿದ್ನಂತೆ. ಚೆನ್ನಾಗಿ ಆಡ್ತಾನಂತೆ” ಎಂದ. ನನಗೆ ಮೈಯೆಲ್ಲ ಉರಿಯಿತು. “ಆ ಕುರ್ಚಿಯಲ್ಲಿ ಶೇಷಪ್ಪನೇ ಕೂರೋದು. ಇಲ್ದಿದ್ರೆ ಯಾರೂ ಕೂರೋದು ಬೇಡ” ಎಂದುಬಿಟ್ಟೆ. ಹೇಳಿದ್ದೇನೋ ಹೇಳಿದೆ, ಅವನನ್ನು ಕೂರಿಸುವುದು ಹೇಗೆ? ಆ ವಾರವಿಡೀ ಯೋಚಿಸಿ ಈ ಕ್ಯಾಮರಾದ ಸಾಹಸಕ್ಕೆ ಕೈಹಾಕಿದೆ.

ವಿಡಿಯೋ ಕಾಲ್ ಮಾಡಿದ್ದರೆ ಸಾಕಿತ್ತಲ್ಲ ಎಂದು ನೀವು ಕೇಳಬಹುದು. ಇಪ್ಪತ್ತೆಂಟು ಆಡದವರು ಹಾಗೆ ಕೇಳುತ್ತಾರೆ. ಆಟಗಾರನಿಗೆ ಮೇಜಿನ ಮೇಲೆ ಬಿದ್ದ ಎಲೆ ಕಾಣಬೇಕು, ತನ್ನ ಎಲೆ ಕಾಣಬೇಕು, ಎಲ್ಲಕ್ಕಿಂತ ಹೆಚ್ಚಾಗಿ ಎದುರಾಳಿಯ ಮುಖ ಕಾಣಬೇಕು. ದುಗ್ಗಪ್ಪನಿಗೆ ಒಳ್ಳೆಯ ಎಲೆ ಬಂದರೆ ಮೂಗು ತುರಿಸುತ್ತದೆ. ಇದು ನಮಗೆ ಮೂವರಿಗೂ ಗೊತ್ತು, ಅವನಿಗೆ ಗೊತ್ತಿಲ್ಲ. ಅಂಥ ಮೂಗು ಕಾಣದ ಮೇಲೆ ಅದೆಂಥ ಆಟ? ಹಾಗಾಗಿ ಮೂರು ಕ್ಯಾಮರಾ ಬೇಕೇ ಬೇಕು ಎಂದು ತೀರ್ಮಾನಿಸಿದೆ. ಹಿಂದಿಯಲ್ಲಿ ಗಾಳಿಯ ವೇಗದಲ್ಲಿ ಮಾತಾಡುವ ಒಬ್ಬನ ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ ವಿದ್ಯೆ ಕಲಿತೆ. ಮೊಬೈಲುಗಳನ್ನೇ ಕ್ಯಾಮರಾ ಮಾಡಿ, ಮೂರರ ಚಿತ್ರವನ್ನೂ ವೈಫೈಯಲ್ಲಿ ಕಂಪ್ಯೂಟರಿಗೆ ತಂದು, ಅಲ್ಲಿ ಒಂದೇ ಪರದೆಯೊಳಗೆ ಜೋಡಿಸಿ ಲೈವ್ ಬಿಡುವುದು. ಕೇಳಲು ಸುಲಭ.

ನನ್ನ ಮೊಬೈಲನ್ನು ಮೇಜಿನ ನೇರಕ್ಕೆ, ಹಿಂದೆ ತೊಟ್ಟಿಲು ಕಟ್ಟುತ್ತಿದ್ದ ಕೊಂಡಿಯಿಂದ, ಬಟ್ಟೆ ನೇತುಹಾಕುವ ಹ್ಯಾಂಗರಿಗೆ ರಬ್ಬರ್ ಬ್ಯಾಂಡ್ ಸುತ್ತಿ ಇಳಿಬಿಟ್ಟೆ. ವನಜಳ ಮೊಬೈಲನ್ನು ಮುಖಗಳು ಕಾಣುವಂತೆ ಕಿಟಕಿಯ ಸರಳಿಗೆ ಕಟ್ಟಿದೆ. ಗಾಜು ಒಡೆದದ್ದು ಶೇಷಪ್ಪನ ಎಲೆಗೆ. ಮರದ ರೀಪಿನ ತುಂಡಿನಲ್ಲಿ ಗರಗಸದಿಂದ ಉದ್ದಕ್ಕೆ ಗೀರು ಕೊಯ್ದು ಎಲೆಗಳನ್ನು ಸಾಲಾಗಿ ಸಿಕ್ಕಿಸಿ ನಿಲ್ಲಿಸುವಂತೆ ಮಾಡಿದೆ. ಎಲೆಗಳ ಮುಖದ ಕಡೆ, ಇಡ್ಲಿ ಸ್ಟ್ಯಾಂಡಿನ ತಟ್ಟೆಗಳ ನಡುವೆ ಮೊಬೈಲನ್ನು ನಿಲ್ಲಿಸಿದೆ.

“ನಾಳೆ ಇಡ್ಲಿ ಎಂತದ್ರಲ್ಲಿ ಬೇಯಿಸ್ಲಿ?” ಎಂದಳು ವನಜ.

“ದೋಸೆ ಹೊಯ್ಯಿ” ಎಂದೆ. ಹಾಗೆ ನಮ್ಮ ಮನೆಯಲ್ಲಿ ಮೂರು ತಿಂಗಳು ಇಡ್ಲಿ ಬೇಯಲಿಲ್ಲ.

ಪರೀಕ್ಷೆಗೆಂದು ಚಾಲು ಮಾಡಿದರೆ ಮೊದಲು ಮೇಜು ತಲೆಕೆಳಗಾಗಿತ್ತು. ಅದನ್ನು ಸರಿಮಾಡಿದರೆ ಮುಖದ ಕ್ಯಾಮರಾ ಕಪ್ಪಾಯಿತು. ಅದು ಬಂತು ಅನ್ನುವಾಗ ಕರೆಂಟು ಹೋಯಿತು. ಕೊನೆಗೆ ಮೂರೂ ಒಟ್ಟಿಗೆ ಪರದೆಯ ಮೇಲೆ ಮೂಡಿದಾಗ ನಾವು ಮೂವರು ಮೇಜಿನ ಸುತ್ತ ಬಗ್ಗಿ ನಿಂತಿದ್ದೆವು. ಮೇಲಿನ ಕ್ಯಾಮರಾದಲ್ಲಿ ನಮ್ಮ ನೆತ್ತಿಗಳು ಕಂಡವು. ದಿನಾ ಕನ್ನಡಿಯಲ್ಲಿ ಎದುರಿನಿಂದ ನೋಡಿಕೊಂಡು ಇನ್ನೂ ಪರವಾಗಿಲ್ಲ ಎಂದುಕೊಂಡಿದ್ದವನಿಗೆ ಆ ದಿನ ಸತ್ಯ ತಿಳಿಯಿತು. ಮಂಜಪ್ಪ ಸುಮ್ಮನೆ ಹೋಗಿ ಟೊಪ್ಪಿ ಹಾಕಿಕೊಂಡು ಬಂದ.

ಲೈವ್ ಬಿಡುವ ಮುನ್ನ ಕಂಪ್ಯೂಟರ್ ಒಂದು ಪ್ರಶ್ನೆ ಕೇಳಿತು. ಇದು ಖಾಸಗಿಯೋ, ಸಾರ್ವಜನಿಕವೋ? ಖಾಸಗಿ ಎಂದು ಒತ್ತಿದರೆ ನೋಡುವವರ ಇ-ಮೇಲ್ ಕೇಳಿತು. ಶೇಷಪ್ಪನಿಗೆಲ್ಲಿಯ ಇ-ಮೇಲ್? ಸಾರ್ವಜನಿಕ ಎಂದು ಒತ್ತಿದೆ. ನಾಲ್ಕು ಜನ ಮುದುಕರ ಇಸ್ಪೀಟು ಯಾರು ನೋಡಿಯಾರು ಎಂದುಕೊಂಡೆ.

ಆ ಭಾನುವಾರ ಕೊಪ್ಪದಲ್ಲಿ ಸುಮಾ ತನ್ನ ಮೊಬೈಲಿನಲ್ಲಿ ನಮ್ಮ ಲೈವ್ ಹಚ್ಚಿ ಅಪ್ಪನ ಮುಂದೆ ಇಟ್ಟಳು. ಮಾತಿಗೆ ಅಲ್ಲಿ ಶೇಷಪ್ಪನ ಹಳೆಯ ಗುಂಡಿ ಫೋನು, ಇಲ್ಲಿ ದುಗ್ಗಪ್ಪನ ಮೊಬೈಲು. ಅವನ ಖಾಲಿ ಕುರ್ಚಿಯಲ್ಲಿ ವನಜ ಕೂತಳು. ಬಂದ ಎಲೆಗಳನ್ನು ಗೀರಿನಲ್ಲಿ ನಿಲ್ಲಿಸುವುದು, ಅವನು “ಎಡದಿಂದ ಮೂರ್ನೇದು” ಅಂದರೆ ಅದನ್ನು ಕಿತ್ತು ಹಾಕುವುದು ಅವಳ ಕೆಲಸ. ಎಲೆ ನೋಡಬಾರದೆಂದು ಮುಖ ಆಚೆ ತಿರುಗಿಸಿಯೇ ಮಾಡುತ್ತಿದ್ದಳು.

ಒಂದು ತೊಡಕು ನನಗೆ ಮೊದಲೇ ಗೊತ್ತಿರಲಿಲ್ಲ. ಮಾತು ತಕ್ಷಣ ಹೋಗುತ್ತದೆ, ಚಿತ್ರ ಇಪ್ಪತ್ತು ಸೆಕೆಂಡು ತಡವಾಗಿ ಹೋಗುತ್ತದೆ. ನಾವು ಎಲೆ ಹಾಕಿ ಕೂತರೆ ಅವನು “ಇನ್ನೂ ಎಂತಕ್ಕೆ ಹಾಕ್ಲಿಲ್ಲ?” ಎನ್ನುತ್ತಿದ್ದ. “ಹಾಕಿ ಆತು ಮಾರಾಯ, ಬತ್ತದೆ ತಡಿ” ಎಂದು ದುಗ್ಗಪ್ಪ ಹೇಳುವಷ್ಟರಲ್ಲಿ “ಹಾಂ ಬಂತು” ಎಂದು ಫೋನಿನಲ್ಲಿ ಕೇಳುತ್ತಿತ್ತು. ನನ್ನ ಕಿವಿಗೆ ಅದು ಎಷ್ಟು ಹಿತವಾಗಿತ್ತು ಎಂದು ಹೇಳಲಾರೆ.

ಪೇಟೆಯವರಾದರೆ ಈ ತಡಕ್ಕೆ ತಲೆ ಚಚ್ಚಿಕೊಳ್ಳುತ್ತಿದ್ದರು. ನಾವು ಅದನ್ನು ಅಡಿಕೆ ಕತ್ತರಿಸಿ ಕವಳ ಹಾಕಲು ಬಳಸಿಕೊಂಡೆವು. ಪ್ರತಿ ಎಲೆಗೂ ಇಪ್ಪತ್ತು ಸೆಕೆಂಡು ಬಿಡುವು ಸಿಕ್ಕಿದರೆ ಮನುಷ್ಯ ಏನಾದರೂ ಮಾತಾಡಲೇಬೇಕಲ್ಲ. ಇಷ್ಟು ವರ್ಷದಲ್ಲಿ ಆಡದ ಮಾತೆಲ್ಲ ಆ ಬಿಡುವುಗಳಲ್ಲಿ ಬಂತು. ಮಂಜಪ್ಪ ಚಿಕ್ಕವನಿದ್ದಾಗ ಕಮ್ಮರಡಿಯ ಶಾಲೆಯಿಂದ ಓಡಿಹೋಗಿ ಶೃಂಗೇರಿಯಲ್ಲಿ ಸಿಕ್ಕಿಬಿದ್ದದ್ದು, ಅವನನ್ನು ಪುಕ್ಕಟೆ ಬಸ್ಸಿನಲ್ಲಿ ವಾಪಸು ತಂದ ಕಂಡಕ್ಟರ್ ಶೇಷಪ್ಪನೇ ಎಂಬುದು ನನಗೆ ಗೊತ್ತಾದದ್ದು ಆಗ.

ಇನ್ನು ಆಟದ ಸಂಗತಿ. ನಾವು ಗೆದ್ದೆವು. ಮರುವಾರವೂ ಗೆದ್ದೆವು. ನಾಲ್ಕು ಭಾನುವಾರ ಸತತವಾಗಿ ನಾನೂ ಶೇಷಪ್ಪನೂ ಗೆದ್ದೆವು. ಭಾನುವಾರ ಬಂತೆಂದರೆ ಅಪ್ಪ ಬೆಳಿಗ್ಗೆಯೇ ಶೇವ್ ಮಾಡಿಸಿಕೊಂಡು ದಿಂಬಿಗೆ ಒರಗಿ ಕೂರುತ್ತಾರೆ ಎಂದು ಸುಮಾ ಹೇಳಿದಳು. ನಾನು ನೆಲದ ಮೇಲೆ ನಡೆಯುವುದನ್ನೇ ಬಿಟ್ಟೆ. ನನ್ನ ಕ್ಯಾಮರಾ, ನನ್ನ ಕಂಪ್ಯೂಟರು, ನನ್ನ ಆಟದ ಬುದ್ಧಿ ಎಂದು ವಾರವಿಡೀ ವನಜಳ ತಲೆ ತಿಂದೆ. ಅವಳು ಅಕ್ಕಿ ಆರಿಸುತ್ತ ಹೂಂಗುಟ್ಟುತ್ತಿದ್ದಳು.

ನಾನು ಎಲೆ ಕಲಿತದ್ದು ಕೆರೆಕಟ್ಟೆಯಲ್ಲಿ, ಸೋದರತ್ತೆಯ ಮನೆಯ ಜಗಲಿಯಲ್ಲಿ. ಅಲ್ಲಿ ಇದ್ದದ್ದು ಒಂದೇ ಕಟ್ಟು. ಮಳೆಗಾಲದ ತೇವಕ್ಕೆ ಎಲೆಗಳು ಹಪ್ಪಳದ ಹಿಟ್ಟಿನಂತೆ ಒಂದಕ್ಕೊಂದು ಅಂಟುತ್ತಿದ್ದವು, ಪೌಡರ್ ಹಾಕಿ ಒಲೆಯ ಹತ್ತಿರ ಕಾಯಿಸಿ ತರುತ್ತಿದ್ದೆವು. ಕಳಾವರ್ ಒಂಬತ್ತು ಕಳೆದುಹೋಗಿ, ಯಾರದೋ ಲಗ್ನಪತ್ರಿಕೆ ಕತ್ತರಿಸಿ ಅದರ ಬದಲಿಗೆ ಸೇರಿಸಿದ್ದರು. ಅದರ ಬೆನ್ನು ಅರಿಶಿನ ಬಣ್ಣ. ಯಾರ ಕೈಗೆ ಹೋಯಿತೆಂದು ಜಗಲಿಯ ಆಚೆ ಬಿದ್ದ ನಾಯಿಗೂ ಕಾಣುತ್ತಿತ್ತು. ಆದರೆ ದೊಡ್ಡವರು ಯಾರೂ ಅದನ್ನು ಕಂಡಂತೆ ಆಡುತ್ತಿರಲಿಲ್ಲ. ನಾನೊಮ್ಮೆ “ಮಾವನ ಹತ್ರ ಇದೆ” ಎಂದು ಕಿರುಚಿದ್ದಕ್ಕೆ ಮಾವ ಕಿವಿ ಹಿಂಡಿ, “ಕಂಡದ್ದೆಲ್ಲ ಹೇಳೋದಲ್ಲ ಮಾಣಿ” ಎಂದಿದ್ದರು. ಅದು ಆಟದ ನಿಯಮ ಎಂದೇ ನಾನು ಬಹಳ ಕಾಲ ತಿಳಿದಿದ್ದೆ.

ಐದನೆಯ ವಾರ, ಮಂಗಳವಾರವಿರಬೇಕು, ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಬನ್ಸ್ ತರಲು ಹೋಗಿದ್ದೆ. ಕಟ್ಟಿಕೊಡುತ್ತ ಹೋಟೆಲಿನವನು, “ರಾಮಣ್ಣ, ಮೊನ್ನೆ ಶೇಷಪ್ಪಂಗೆ ಎರಡು ಗುಲಾಮ ಬಂದಿತ್ತಲ್ಲ. ನೀವು ಹದಿನಾರಕ್ಕೇ ಯಾಕೆ ಬಿಟ್ರಿ? ಇಪ್ಪತ್ತು ಕೂಗ್ಬಹುದಿತ್ತು” ಎಂದ. ನಾನು ಇಂಗು ತಿಂದ ಮಂಗನ ಹಾಗೆ ನಿಂತೆ. ಅವನು ತನ್ನ ಮೊಬೈಲ್ ತೋರಿಸಿದ. ಮೇಜು, ಮುಖಗಳು, ಮೂಲೆಯಲ್ಲಿ ಚೊಕ್ಕವಾಗಿ ಶೇಷಪ್ಪನ ಎಂಟೂ ಎಲೆ. ನಾನೇ ಒತ್ತಿಕೊಟ್ಟಿದ್ದ ಗಂಟೆ ಪ್ರತಿ ಭಾನುವಾರ ಊರಿಗೆಲ್ಲ ಬಾರಿಸುತ್ತಿತ್ತು. ಮೂಲೆಯ ಮೇಜಿನಿಂದ ಇನ್ನೊಬ್ಬ, “ಟೈಲರ್ ಮಂಜಪ್ಪನೂ ನೋಡ್ತಾನಲ್ಲ, ತೊಡೆ ಮೇಲೆ ಮೊಬೈಲ್ ಇಟ್ಕೊಂಡು” ಎಂದ.

ಬನ್ಸ್ ಅಲ್ಲೇ ಬಿಟ್ಟು ನೇರ ಟೈಲರ್ ಅಂಗಡಿಗೆ ನುಗ್ಗಿದೆ. ಮಂಜಪ್ಪ ಯಾರದೋ ರವಿಕೆಗೆ ಕೊಕ್ಕೆ ಹೊಲಿಯುತ್ತಿದ್ದ.

“ಹಾಸಿಗೆ ಹಿಡಿದವನ ಎಲೆ ಕದ್ದು ನೋಡ್ತೀಯಲ್ಲ, ನಿಂಗೆ ನಾಚಿಕೆ ಆಗಲ್ವನಾ?” ಎಂದೆ.

ಅವನು ಸೂಜಿಯನ್ನು ಅಂಗಿಯ ಕಾಲರಿಗೆ ಚುಚ್ಚಿಕೊಂಡು ನಿಧಾನವಾಗಿ ತಲೆಯೆತ್ತಿದ. “ನೋಡಿದ್ದು ಹೌದು. ಸರಿ, ನೋಡಿ ಗೆದ್ದದ್ದು ಯಾರು?”

ನಾನು ಬೆರಳು ಮಡಿಚಿ ಭಾನುವಾರಗಳನ್ನು ಎಣಿಸಿದೆ. ನಾಲ್ಕೂ ನಾವೇ.

“ಅವನ ಎಲೆ ಕಾಣ್ದೆ ಸೋಲೋದು ಹೇಗಾ? ಅವ ಒಂಬತ್ತು ಇಳಿಸ್ತಾನೆ ಅಂತ ಗೊತ್ತಾದ್ರೆ ನಾನು ಗುಲಾಮ ಅಡಗಿಸ್ಬಹುದು. ದುಗ್ಗಪ್ಪಂಗೆ ಕಾಲಲ್ಲಿ ತಿವಿದು ಹೇಳ್ತೀನಿ. ಇಪ್ಪತ್ತೆಂಟರಲ್ಲಿ ಗೆಲ್ಲೋದು ಸುಲಭ ಕಣಾ, ಸೋಲೋದಕ್ಕೆ ಬಹಳ ತಲೆ ಬೇಕು. ಅದರಲ್ಲೂ ನಿನ್ನಂಥವ ಜೋಡಿ ಇದ್ದಾಗ.”

ಮನೆಗೆ ಬಂದು ವನಜಳಿಗೆ ಎಲ್ಲ ಹೇಳಿದೆ. ಅವಳು ಆಶ್ಚರ್ಯಪಡಲೇ ಇಲ್ಲ. “ನೀವು ನಿಮ್ಮ ಬುದ್ಧಿಯಿಂದ ಗೆದ್ರಿ ಅಂತ ನಾನು ಒಂದು ದಿನವೂ ಅಂದ್ಕೊಂಡಿರ್ಲಿಲ್ಲ” ಎಂದಳು. ಮದುವೆಯಾಗಿ ಇಷ್ಟು ವರ್ಷವಾದ ಮೇಲೆ ಮನುಷ್ಯ ಇಂಥದಕ್ಕೆಲ್ಲ ಎದೆಗುಂದಬಾರದು, ಆದರೂ ನನಗೆ ಸ್ವಲ್ಪ ನೋವಾಯಿತು.

ಮುಂದೇನು? ಸುಮಾಳ ಇ-ಮೇಲ್ ಕೇಳಿ ಖಾಸಗಿ ಎಂದು ಒತ್ತಿದರೆ ಮುಗಿಯಿತು, ಊರಿನ ಕಣ್ಣು ಮುಚ್ಚುತ್ತದೆ. ಆದರೆ ಮಂಜಪ್ಪನಿಗೆ ಎಲೆ ಕಾಣದಿದ್ದರೆ ಶೇಷಪ್ಪ ಸೋಲುತ್ತಾನೆ. ಸೋತವನು ಮತ್ತೆ ಗೋಡೆಯ ಕಡೆ ತಿರುಗಿ ಮಲಗಿದರೆ? ನ್ಯಾಯವಾಗಿ ಆಡುವುದೇ ಆಟ ಎಂದು ಜೀವಮಾನವಿಡೀ ಜಗಳವಾಡಿದವನು ನಾನು. ಮುಂದಿನ ಭಾನುವಾರ ಕಂಪ್ಯೂಟರ್ ಮುಂದೆ ಕೂತು, ಸಾರ್ವಜನಿಕ ಎಂಬುದನ್ನೇ ಒತ್ತಿದೆ. ನಾವು ಮತ್ತೆ ಗೆದ್ದೆವು. ಅದಾದ ಮೇಲೆಯೂ ಗೆದ್ದೆವು. ನಾನು ಒಂದೊಂದು ಗೆಲುವಿಗೂ ‘ಭೇಷ್’ ಎನ್ನುತ್ತಿದ್ದೆ, ನನ್ನ ದನಿ ನನಗೇ ಹಿಡಿಸುತ್ತಿರಲಿಲ್ಲ. ಶೇಷಪ್ಪನ ಕಡೆಯಿಂದ ಮಾತು ಕಡಿಮೆಯಾಗಿತ್ತು. “ಎಡದಿಂದ ಎರಡ್ನೇದು”, “ಹಾಂ ಬಂತು”, ಅಷ್ಟೇ. ಒಂದು ಭಾನುವಾರ ನೆಗಡಿ ಎಂದ. ಅದರ ಮುಂದಿನ ಭಾನುವಾರ ನೆಂಟರು ಬಂದಿದ್ದಾರೆ ಎಂದ. ಮತ್ತೆ ಮೂರು ಭಾನುವಾರ ಒಂದಲ್ಲ ಒಂದು ನೆಪ. ಸುಮಾಳಿಗೆ ಫೋನ್ ಮಾಡಿದರೆ ಅವಳೂ ಸರಿಯಾಗಿ ಮಾತಾಡದೆ, “ಅಪ್ಪ ಆರಾಮಿದಾರೆ ಮಾವ” ಎಂದು ಇಟ್ಟುಬಿಡುತ್ತಿದ್ದಳು. ಎಲ್ಲೋ ಕೆಟ್ಟಿತು, ನನ್ನ ಕೈಯಾರೆ ಕೆಡಿಸಿದೆ ಎಂದು ನನಗೆ ಅನ್ನ ಸೇರಲಿಲ್ಲ.

ಆ ಮುಂದಿನ ಭಾನುವಾರ ಮೂರು ಕ್ಯಾಮರಾವನ್ನೂ ಕಟ್ಟಿ ಕೂತಿದ್ದೆವು. ಎರಡೂವರೆಯಾದರೂ ಶೇಷಪ್ಪನ ಫೋನಿಲ್ಲ. ದುಗ್ಗಪ್ಪನ ಮೊಬೈಲಿನಿಂದ ನಾನೇ ಮಾಡಲು ಎದ್ದೆ. ಅಷ್ಟರಲ್ಲಿ ಹೊರಗೆ ಸಿಮೆಂಟಿನ ಅಂಗಳದಲ್ಲಿ ಟಕ್ ಎಂದಿತು, ಸ್ವಲ್ಪ ಬಿಟ್ಟು ಮತ್ತೆ ಟಕ್. ಬಾಗಿಲಿಗೆ ಹೋಗಿ ನೋಡಿದರೆ ವಾಕರ್ ಊರಿಕೊಂಡು ಶೇಷಪ್ಪ ಬರುತ್ತಿದ್ದಾನೆ. ಹಿಂದೆ ಸುಮಾ, ಎರಡೂ ಕೈ ಚಾಚಿ, ಮುಟ್ಟದೆ. ಬೆವರಿಗೆ ಶೇಷಪ್ಪನ ಅಂಗಿ ಮೈಗೆ ಅಂಟಿತ್ತು. ನಾನು ಓಡಿಹೋದೆ.

“ಮುಟ್ಬೇಡ” ಎಂದ.

ಬಂದ, ವನಜ ಬಿಟ್ಟುಕೊಟ್ಟ ತನ್ನ ಕುರ್ಚಿಯಲ್ಲಿ ಮೆಲ್ಲನೆ ಕೂತ, ಕಿಟಕಿಗೆ ಕಟ್ಟಿದ್ದ ಮೊಬೈಲಿನ ಕಡೆ ನೋಡಿದ. “ಅದನ್ನೆಲ್ಲ ಬಿಚ್ಚು ಮೊದ್ಲು.”

ಬಿಚ್ಚಿದೆ. ಅವನು ಮಂಜಪ್ಪನ ಕಡೆ ತಿರುಗಿದ. “ಗುಲಾಮ ಕೈಲಿಟ್ಕೊಂಡು ನನ್ನ ಒಂಬತ್ತಿಗೆ ಏಳು ಹಾಕ್ತೀಯಾ? ಒಂದ್ಸಲ ಆದ್ರೆ ಮರೆವು ಅನ್ಬಹುದು. ಪ್ರತಿ ಸಲ ತೊಡೆ ನೋಡ್ತೀಯ, ಆಮೇಲೆ ಏಳು ಹಾಕ್ತೀಯ.”

“ನಿಂಗೆ ಹೇಗೆ ಕಾಣ್ತಾ?” ಎಂದು ಮಂಜಪ್ಪ ಮೆತ್ತಗೆ ಕೇಳಿದ.

“ಈ ಮಹಾನುಭಾವ ಮುಖಕ್ಕೇ ಅಂತ ಒಂದು ಕ್ಯಾಮರಾ ಕಟ್ಟಿದ್ನಲ್ಲ.” ನನ್ನನ್ನು ತೋರಿಸಿದ. ದುಗ್ಗಪ್ಪ ನೆಲ ನೋಡಿದ. ನಾನೂ ನೋಡಿದೆ. ಶೇಷಪ್ಪ ವಾಕರನ್ನು ಪಕ್ಕಕ್ಕೆ ಸರಿಸಿದ. “ಕಾಲು ಮುರಿದದ್ದಕ್ಕೆ ಅಷ್ಟು ಬೇಜಾರಾಗಿರ್ಲಿಲ್ಲ ಕಣ್ರಾ. ನೀವು ನಂಗೆ ಬಿಟ್ಟುಕೊಟ್ಟು ಆಡ್ತಿದೀರಿ ಅಂತ ಗೊತ್ತಾದ ದಿನ ಬಹಳ ಬೇಜಾರಾತು. ಇಷ್ಟು ಸಣ್ಣವ ಆಗ್ಬಿಟ್ನಾ ನಾನು ಅಂತ. ಮಾರನೇ ಬೆಳಿಗ್ಗೆ ಗೋಡೆ ಹಿಡ್ಕೊಂಡು ಎದ್ದೆ. ಒಂದೂವರೆ ತಿಂಗಳು ಸುಮಾನ ಮನೆ ಹಜಾರ ಅಳೆದೆ. ಈಗ ಎಲೆ ಹಾಕಿ, ನೋಡುವ.”

ನಾನು ಎಲೆ ಕಲಸಿ ಹಂಚಿದೆ. ಮೂರನೆಯ ಸುತ್ತಿನಲ್ಲಿ ಶೇಷಪ್ಪ ಆಟೀನ್ ಒಂಬತ್ತು ಇಳಿಸಿದ. ಮಂಜಪ್ಪ ತನ್ನ ಎಲೆಗಳನ್ನು ನೋಡಿದ, ಶೇಷಪ್ಪನ ಮುಖ ನೋಡಿದ, ಮತ್ತೆ ಎಲೆ ನೋಡಿದ. ಬಾಗಿಲಲ್ಲಿ ಸುಮಾ ಸೆರಗು ಹಿಡಿದು ನಿಂತಿದ್ದಳು. ಇಪ್ಪತ್ತು ಸೆಕೆಂಡೇ ಕಳೆದಿರಬೇಕು. ಆಮೇಲೆ ಮಂಜಪ್ಪ ಆಟೀನ್ ಗುಲಾಮನನ್ನು ತೆಗೆದು ಒಂಬತ್ತರ ನೆತ್ತಿಯ ಮೇಲೆ ಮೇಜು ಅದುರುವ ಹಾಗೆ ಬಡಿದ.

ಶೇಷಪ್ಪ ಅದನ್ನು ನೋಡುತ್ತ ಕೂತ. “ಹೂಂ” ಎಂದ. “ಇದು ಆಟ.”

ಆ ದಿನ ಆರು ಆಟ ಆಡಿದೆವು, ಆರೂ ಸೋತೆವು. ಐದು ಗಂಟೆಯ ಬಸ್ಸಿಗೆ ಅವರನ್ನು ಬಿಡಲು ಹೋದೆ. ಮೆಟ್ಟಿಲು ಹತ್ತುವಾಗ ಶೇಷಪ್ಪ ಬಾಗಿಲಿನ ಸರಳು ಹಿಡಿದು ಎರಡು ಸಲ ನಿಂತ, ಮೂರನೆಯ ಸಲಕ್ಕೆ ಹತ್ತಿದ. ಕಿಟಕಿಯ ಪಕ್ಕ ಕೂತದ್ದೇ ತಲೆ ಹೊರಗೆ ಹಾಕಿ, ಇಡೀ ಬಸ್‌ಸ್ಟ್ಯಾಂಡಿಗೆ ಕೇಳುವಂತೆ ನನ್ನನ್ನು ಬೈಯಲು ಸುರುಮಾಡಿದ. “ಕೈಯಲ್ಲಿ ಒಂದು ಎಕ್ಕ ಇಟ್ಕೊಂಡು ಹದಿನೆಂಟು ಕೂಗ್ತೀಯಲ್ಲ, ನಿಂಗೆ ತಲೆ ಸರಿ ಉಂಟಾ? ಆರಕ್ಕೆ ಆರೂ ಸೋತದ್ದು ನಿನ್ನಿಂದ. ಬರೀ ನಿನ್ನಿಂದ.” ಬಸ್ಸು ಹೊರಟಿತು, ಕೊಪ್ಪದ ತಿರುವಿನವರೆಗೂ ಅವನು ಬೈಯುತ್ತಲೇ ಹೋದ. ನಾನು ಒಂದು ಮಾತೂ ಎದುರಾಡದೆ, ಕಣ್ಣೊರೆಸಿಕೊಳ್ಳುತ್ತ, ಅಷ್ಟೂ ಕೇಳಿಸಿಕೊಂಡೆ.